ಮೊಣಕೈ ನೋಡಿ ಸಂಬಂಧ ಬಿಟ್ಟವರಿಗೆ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಅಣ್ಣನ ಮಗಳನ್ನು ನೋಡೋಕೆ ಗಂಡಿನ ಕಡೆಯವರು ಬಂದಿದ್ದರು. ವಗ್ಗರಣಿ, ಮಿರ್ಚಿ ತಟ್ಟೆ ಹಿಡಿದು ಹುಡುಗಿ ಕೈ ಚಾಚಿದಾಗ ಸೆರಗು ಸರಿದು ಮೊಣಕೈ ಕಾಣಿಸಿತು. ನಾಣ್ಯದಷ್ಟು ಅಗಲದ ಕೆಂಪು ಕಲೆ, ಅದರ ಮೇಲೆ ಬೆಳ್ಳಗೆ ಹೊಟ್ಟು. ಹುಡುಗನ ದೊಡ್ಡಮ್ಮ ಆಮೇಲೆ ತಟ್ಟೆ ಮುಟ್ಟಲೇ ಇಲ್ಲ. ಎರಡು ದಿನ ಬಿಟ್ಟು ಫೋನ್ ಬಂತು. "ನಿಮ್ಮ ಮನೆತನದಾಗ ಚರ್ಮದ ರೋಗ ಐತಂತ, ಮುಂದ ಮಕ್ಕಳಿಗೂ ಬರ್ತೈತಿ, ಬ್ಯಾಡ ಬಿಡ್ರಿ" ಅಂದರು.

ಅವತ್ತು ರಾತ್ರಿ ಹುಡುಗಿ ನನ್ನ ಪಕ್ಕ ಕೂತು "ಅತ್ತಿ, ಖರೇನ ನನ್ನ ಮಕ್ಕಳಿಗೂ ಬರತೈತೇನು?" ಅಂತ ಕೇಳಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಗಂಗಾವತಿ ಕಡೆ ಇನ್ನೂ ಎಷ್ಟು ಮನೆಗಳಲ್ಲಿ ಇದೇ ಪ್ರಶ್ನೆ ಇದೆಯೋ.

ಅವಳಿಗಿರುವುದು ಸೋರಿಯಾಸಿಸ್ ಅನ್ನುವ ಚರ್ಮದ ರೋಗ. ಅದು ಮುಟ್ಟಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ನಮ್ಮ ಜನ ಗಜಕರ್ಣ, ಇಸುಬು, ಕಜ್ಜಿ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ, ಅಲ್ಲೇ ತಪ್ಪಾಗುವುದು. ಸೋರಿಯಾಸಿಸ್‌ನಲ್ಲಿ ದೇಹವನ್ನು ರೋಗಗಳಿಂದ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಚರ್ಮವನ್ನು ಅವಸರ ಮಾಡಿಸುತ್ತದೆ. ತಿಂಗಳಿಗೊಮ್ಮೆ ಹೊಸದಾಗಬೇಕಾದ ಚರ್ಮ ನಾಲ್ಕೈದು ದಿನಕ್ಕೇ ಹೊಸದಾಗುತ್ತದೆ, ಹಳೆಯದು ಉದುರೋಕೆ ಪುರುಸೊತ್ತಿಲ್ಲದೆ ಪದರದ ಮೇಲೆ ಪದರ ಕೂರುತ್ತದೆ.

ಇನ್ನು ಮನೆತನದ ಮಾತು. ಹೌದು, ಇದು ರಕ್ತದಲ್ಲಿ ಸ್ವಲ್ಪ ಬರುತ್ತದೆ, ಮುಚ್ಚಿಡುವುದಿಲ್ಲ. ನಮ್ಮ ಅಪ್ಪನಿಗಿತ್ತು. ನಾವು ಮೂವರು ಮಕ್ಕಳು. ಅಣ್ಣನಿಗೆ ಮಾತ್ರ ಬಂತು, ನನಗೂ ತಂಗಿಗೂ ಇಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ 100ಕ್ಕೆ ಸುಮಾರು 15 ಅಂತ ಹೇಳುತ್ತಾರೆ. ಅಂದರೆ 85 ಪಾಲು ಬರುವುದಿಲ್ಲ ಅಲ್ವಾ? ಇಬ್ಬರಿಗೂ ಇದ್ದರೆ ಸುಮಾರು 40. ರೂಪ, ರಕ್ತ, ಜೀನ್ (ಅಪ್ಪ ಅಮ್ಮನಿಂದ ಬರುವ ವಂಶವಾಹಿ) ಎಲ್ಲಾ ಒಂದೇ ಆಗಿರುವ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದೇ ಇರುವುದುಂಟು. ಇದಕ್ಕೆ ಸಂಬಂಧಪಟ್ಟ ಜೀನ್‌ಗಳು ಹತ್ತಾರಿವೆ. ಅದರಲ್ಲಿ ದೊಡ್ಡ ಪಾತ್ರ 6ನೇ ಕ್ರೋಮೋಸೋಮಿನಲ್ಲಿರುವ (ಕ್ರೋಮೋಸೋಮ್ ಅಂದರೆ ಜೀನ್‌ಗಳನ್ನು ಹೊತ್ತ ಎಳೆ) ಎಚ್‌ಎಲ್‌ಎ-ಸಿ 06:02 ಅನ್ನುವ ಜೀನ್‌ನದು. ಅದನ್ನು ಹೊತ್ತವರಲ್ಲೂ ಬಹಳಷ್ಟು ಜನರಿಗೆ ಜೀವನಪೂರ್ತಿ ಒಂದು ಕಲೆಯೂ ಏಳುವುದಿಲ್ಲ. ಜೀನ್ ಜೊತೆಗೆ ಬೇರೆ ಏನಾದರೂ ಕಿಡಿ ಹತ್ತಬೇಕು: ಗಂಟಲು ಸೋಂಕು, ಸಿಗರೇಟು, ಸಾರಾಯಿ, ಮನಸ್ಸಿನ ಒತ್ತಡ, ಕೆಲವು ಮಾತ್ರೆಗಳು. ನಮ್ಮ ಹುಡುಗಿಗೆ 19ನೇ ವಯಸ್ಸಿನಲ್ಲಿ ಜೋರು ಗಂಟಲು ನೋವು ಬಂದು ಹೋದ ಎರಡು ವಾರಕ್ಕೆ ಬೆನ್ನ ಮೇಲೆ ಮಳೆಹನಿ ಬಿದ್ದ ಹಾಗೆ ಸಣ್ಣ ಸಣ್ಣ ಕಲೆ ಎದ್ದವು. ಶುರುವಾಗಿದ್ದೇ ಹಾಗೆ.

ಇನ್ನೊಂದು ವಿಷಯ ಹೇಳಲೇಬೇಕು. ಒಂದೇ ಮನೆಯ ರೋಗ ಅಂತ ಒಂದೇ ಔಷಧಿ ಎಲ್ಲರಿಗೂ ಹಿಡಿಸುವುದಿಲ್ಲ. ಅಣ್ಣನಿಗೆ ಮೆಥೊಟ್ರೆಕ್ಸೇಟ್ ಮಾತ್ರೆ ಚೆನ್ನಾಗಿ ಹಿಡಿಸಿತು. ಅದೇ ಮಾತ್ರೆ ಮಗಳಿಗೆ ತಿಂಗಳುಗಟ್ಟಲೆ ಕೊಟ್ಟರೂ ಅಷ್ಟಕ್ಕಷ್ಟೇ, ಕೊನೆಗೆ ಬೆಳಕಿನ ಚಿಕಿತ್ಸೆಯಲ್ಲಿ ಬಹಳಷ್ಟು ಇಳಿಯಿತು, ಈಗ ಉಳಿದಿರುವುದು ಮೊಣಕೈ ಮಾತ್ರ. ಇದರಲ್ಲೂ ಜೀನ್ ಪಾತ್ರ ಇದೆಯಂತೆ. ಆಗ ಹೇಳಿದ ಎಚ್‌ಎಲ್‌ಎ-ಸಿ 06:02 ಜೀನ್ ಇರುವವರಿಗೆ ಮೆಥೊಟ್ರೆಕ್ಸೇಟ್, ಯುಸ್ಟೆಕಿನುಮ್ಯಾಬ್ ಇಂಜೆಕ್ಷನ್ ಜಾಸ್ತಿ ಹೊಂದಿದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಅದು ಇಲ್ಲದವರಿಗೆ ಅಡಾಲಿಮುಮ್ಯಾಬ್ ಅನ್ನುವ ಇನ್ನೊಂದು ಇಂಜೆಕ್ಷನ್ ಮೇಲು ಅಂತ ಕಂಡದ್ದೂ ಇದೆ. ಹಾಗಂತ ಯಾರೂ ಈಗಲೇ ಜೀನ್ ಪರೀಕ್ಷೆಗೆ ಸುಮ್ನೆ ದುಡ್ಡು ಸುರಿಯಬೇಡಿ. ಆ ಪರೀಕ್ಷೆ ನೋಡಿ ಔಷಧಿ ಬರೆಯುವುದು ಇನ್ನೂ ವಾಡಿಕೆಗೆ ಬಂದಿಲ್ಲ.

ಆದರೆ ಒಬ್ಬರ ಔಷಧಿ ಚೀಟಿಯನ್ನು ಇನ್ನೊಬ್ಬರು ಇಸಿದುಕೊಳ್ಳಲೇಬೇಡಿ. ನಮ್ಮ ದಾಯಾದಿ ಒಬ್ಬರು ಅಣ್ಣನ ಮಾತ್ರೆ ಪಟ್ಟಿ ಒಯ್ದು ದಿನಾ ಒಂದೊಂದು ನುಂಗಿದರು. ಅದು ವಾರಕ್ಕೊಂದೇ ದಿನ ತಗೊಳ್ಳುವ ಮಾತ್ರೆ. ಬಾಯಿ ತುಂಬ ಹುಣ್ಣಾಗಿ ಗಂಜಿಯೂ ಇಳಿಯದೆ ಆಸ್ಪತ್ರೆ ಸೇರಿದರು, ರಕ್ತದ ಕಣಗಳೇ ಇಳಿದುಹೋಗಿದ್ದವು. ಗರ್ಭಿಣಿಯರಂತೂ ಆ ಮಾತ್ರೆ ಮುಟ್ಟಲೇಬಾರದು. ಮದುವೆ ಗೊತ್ತಾದ ಹೆಣ್ಣುಮಕ್ಕಳು ಡಾಕ್ಟರಿಗೆ ಮೊದಲೇ ತಿಳಿಸಬೇಕು.

ಆ ಹುಡುಗನ ಮನೆಗೂ ನಿಮ್ಮ ಪತ್ರಿಕೆ ಬರುತ್ತದೆ ಅಂತ ಗೊತ್ತು. ಅವರ ಮೇಲೆ ಸಿಟ್ಟಿಟ್ಟು ಬರೆಯುತ್ತಿಲ್ಲ, ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ. ಅವತ್ತು ನಮ್ಮ ಜಿಲ್ಲೆಯ ಚರ್ಮದ ಡಾಕ್ಟರೊಬ್ಬರಿಂದ ಅರ್ಧ ಪುಟ ಬರೆಸಿ ಹಾಕಿ ಸರ್, ಹೆಣ್ಣು ನೋಡೋಕೆ ಹೋಗುವವರೂ ಓದುವ ಹಾಗೆ, ಸುಲಭ ಕನ್ನಡದಲ್ಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಗಂಗಾವತಿ, ಕೊಪ್ಪಳ ಜಿಲ್ಲೆ