ಉಳಿಯುವುದು ಯಾವುದು: ಮಗಳಿಗೊಂದು ಪತ್ರ

ಮಂಡ್ಯ

ಪ್ರೀತಿಯ ಪುಟ್ಟಿ,

ಮೂಲದ್ರವ್ಯದ, ಅಂದರೆ ಬದಲಾವಣೆಯ ಅಡಿಯಲ್ಲಿ ಇರುವ ವಸ್ತುವಿನ ಬಗ್ಗೆ ನಿನ್ನ ಸೆಮಿನಾರ್ ಪ್ರಬಂಧದ ಕರಡು ಓದಿದೆ. "ಎಲ್ಲ ದರ್ಶನಗಳೂ ಒಂದೇ ಮೂಲವಸ್ತುವನ್ನು ಬೇರೆ ಬೇರೆ ಹೆಸರಿನಿಂದ ಹೇಳುತ್ತವೆ" ಅಂತ ಮೊದಲ ಪುಟದಲ್ಲೇ ಬರೆದಿದ್ದೀಯಲ್ಲ, ಆ ವಾಕ್ಯ ಹೊಡೆದುಹಾಕು. ಕೇಳಲು ಹಿತವಾಗಿದೆ, ನಿಜವಲ್ಲ. ವಸ್ತು ಬದಲಾಗುವಾಗ ಉಳಿಯುವುದು ಏನು ಎಂಬ ಪ್ರಶ್ನೆ ಎಲ್ಲರದೂ ಹೌದು. ಉತ್ತರಗಳು ಮಾತ್ರ ಒಂದಕ್ಕೊಂದು ಎದುರು ನಿಲ್ಲುತ್ತವೆ.

ಯಾವ ದರ್ಶನ ಕೈಗೆತ್ತಿಕೊಂಡರೂ ಮೊದಲು ಉಪಾದಾನ ಕಾರಣವನ್ನೂ (ಯಾವುದರಿಂದ ವಸ್ತು ಆಗುತ್ತದೋ ಅದು) ನಿಮಿತ್ತ ಕಾರಣವನ್ನೂ (ಅದನ್ನು ಆಗಿಸುವುದು) ಬೇರ್ಪಡಿಸು. ನಮ್ಮ ಕಡೆಯ ಆಲೆಮನೆಯನ್ನೇ ತಗೋ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಉಪಾದಾನ. ಒಲೆಯ ಬೆಂಕಿ, ಪಾಕದ ಹದ ನೋಡುವವನು ನಿಮಿತ್ತ. ಬೆಲ್ಲ ಆ ಹಾಲಿನಲ್ಲಿ ಮೊದಲೇ ಇತ್ತು, ಇಲ್ಲದಿದ್ದರೆ ಬರೀ ನೀರು ಕುದಿಸಿದರೂ ಬರಬೇಕಿತ್ತಲ್ಲ ಅನ್ನುತ್ತದೆ ಸಾಂಖ್ಯ. ಮೊದಲೇ ಇದ್ದಿದ್ದರೆ ಕುದಿಸುವುದು ಯಾಕೆ, ಅಚ್ಚಿನಿಂದ ಎದ್ದದ್ದು ಹೊಸ ವಸ್ತು ಅನ್ನುತ್ತದೆ ನ್ಯಾಯ. ಈ ಹಂತ ಬಿಟ್ಟಿದ್ದಕ್ಕೇ ನಿನ್ನ ಕರಡು ಶಂಕರ, ರಾಮಾನುಜ, ಮಧ್ವ ಮೂವರು ಆಚಾರ್ಯರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಬ್ರಹ್ಮ ಜಗತ್ತಿಗೆ ಕಾರಣ ಅಂತ ಮೂವರೂ ಒಪ್ಪುತ್ತಾರೆ. ಆದರೆ ಮಧ್ವರಿಗೆ ಅದು ನಿಮಿತ್ತ ಮಾತ್ರ, ಉಪಾದಾನ ಅಲ್ಲವೇ ಅಲ್ಲ.

ಉಳಿದಿಬ್ಬರ ವ್ಯತ್ಯಾಸ ಇನ್ನೂ ಸೂಕ್ಷ್ಮ. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಉದ್ದಾಲಕ ಮಗನಿಗೆ ಹೇಳುತ್ತಾನೆ: "ವಾಚಾರಂಭಣಂ ವಿಕಾರೋ ನಾಮಧೇಯಂ ಮೃತ್ತಿಕೇತ್ಯೇವ ಸತ್ಯಮ್" (ವಿಕಾರ ಎಂಬುದು ಮಾತಿನ ಆಶ್ರಯದ ಹೆಸರು, ಮಣ್ಣು ಎಂಬುದೇ ಸತ್ಯ). ಶಂಕರರ ಪ್ರಕಾರ ಮಣ್ಣೇ ಸತ್ಯ, ಮಡಕೆ ಬರೀ ಹೆಸರು. ನಮ್ಮ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಇದೇ ವಾಕ್ಯದಿಂದ ಬೇರೆಯದನ್ನು ತೆಗೆಯುತ್ತಾರೆ: ಮಡಕೆಯೂ ಸತ್ಯ, ಅದು ಮಣ್ಣಿನದೇ ಇನ್ನೊಂದು ಅವಸ್ಥೆ, ದ್ರವ್ಯ ಒಂದೇ ಆದ್ದರಿಂದ ಕಾರ್ಯ ಕಾರಣಕ್ಕಿಂತ ಬೇರೆಯಲ್ಲ. ಜಗತ್ತು ಮಿಥ್ಯೆಯೋ ಅಲ್ಲವೋ ಎಂಬ ದೊಡ್ಡ ವಾದದ ಬೇರು ಇಲ್ಲಿದೆ. ಇದಕ್ಕೆ ಎರಡು ಪುಟವಾದರೂ ಕೊಡು.

ಅರಿಸ್ಟಾಟಲ್ ವಿಷಯದಲ್ಲಿ ಬಹಳ ಜನ ಜಾರುತ್ತಾರೆ, ನೀನೂ ಜಾರಿದ್ದೀಯ. 'ಮೆಟಾಫಿಸಿಕ್ಸ್' ಏಳನೇ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಅವನು ವಸ್ತುವಿನ ಗುಣಗಳನ್ನೆಲ್ಲ ಕಳಚಿ, ಉದ್ದ ಅಗಲ ಆಳವನ್ನೂ ತೆಗೆದು, ಕೊನೆಗೆ ಯಾವ ಲಕ್ಷಣವೂ ಇಲ್ಲದ ಜಡಕ್ಕೆ ಬರುತ್ತಾನೆ. ಓದುವವರು ಅಲ್ಲೇ ನಿಂತು, ಅದೇ ಅವನ ಮೂಲದ್ರವ್ಯ ಅಂದುಕೊಳ್ಳುತ್ತಾರೆ. ಮುಂದಿನ ಸಾಲುಗಳಲ್ಲೇ ಅವನು ಅದನ್ನು ತಳ್ಳಿಹಾಕುತ್ತಾನೆ: "ಇದು" ಅಂತ ಬೆರಳಿಟ್ಟು ತೋರಿಸಲಾಗದ್ದು, ಸ್ವತಂತ್ರವಾಗಿ ನಿಲ್ಲದ್ದು ದ್ರವ್ಯ ಹೇಗಾದೀತು?

ನಿನ್ನ ಕರಡಿನಲ್ಲಿ ಇಲ್ಲದ, ಇರಲೇಬೇಕಾದ ಒಂದು ಉದಾಹರಣೆ ಮೈಸೂರಿನಲ್ಲೇ ಇದೆ. ಸಂತ ಫಿಲೋಮಿನಾ ಚರ್ಚಿನಲ್ಲಿ ನಡೆಯುವ ಬಲಿಪೂಜೆ. ರೊಟ್ಟಿ, ದ್ರಾಕ್ಷಾರಸದ ಬಣ್ಣ, ರುಚಿ, ಆಕಾರ ಹಾಗೇ ಇದ್ದು, ದ್ರವ್ಯ ಮಾತ್ರ ಕ್ರಿಸ್ತನ ದೇಹ, ರಕ್ತವಾಗುತ್ತದೆ ಎಂಬುದು ಕ್ಯಾಥೊಲಿಕ್ ಸಿದ್ಧಾಂತ. 1215ರಲ್ಲಿ ಸೇರಿದ ಕ್ಯಾಥೊಲಿಕ್ ಚರ್ಚಿನ ನಾಲ್ಕನೇ ಲ್ಯಾಟರನ್ ಮಹಾಸಭೆ ಈ ಭಾಷೆಯನ್ನೇ ಬಳಸಿತು. ಮಣ್ಣಿನ ದೃಷ್ಟಾಂತದಲ್ಲಿ ದ್ರವ್ಯ ಉಳಿದು ರೂಪ ಬದಲಾಗುತ್ತದೆ. ಇಲ್ಲಿ ಪೂರ್ತಿ ತಿರುಗಾಮುರುಗ. ಎರಡನ್ನೂ ಒಂದೇ ಅನ್ನುವವರು ಇಬ್ಬರಿಗೂ ಅನ್ಯಾಯ ಮಾಡುತ್ತಾರೆ.

ಬೌದ್ಧರನ್ನು ಒಂದು ಪ್ಯಾರಾದಲ್ಲಿ ಮುಗಿಸಬಹುದು, ಬಿಡುವಂತಿಲ್ಲ. ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಕೇಳುತ್ತಾನೆ: ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಎಲ್ಲಕ್ಕೂ ಇಲ್ಲ ಎಂಬುದೇ ಉತ್ತರ. ಭಾಗಗಳ ಹಿಂದೆ ಅಡಗಿದ ರಥ ಅಂತ ಒಂದಿಲ್ಲ, ಅದು ವ್ಯವಹಾರದ ಹೆಸರು.

ಇನ್ನು ಮೂಲ ಓದುವ ಕೆಲಸ. ಬ್ರಹ್ಮಸೂತ್ರದಲ್ಲಿ ಈ ಮಣ್ಣಿನ ವಾಕ್ಯವನ್ನು ಚರ್ಚಿಸುವ ಆರಂಭಣಾಧಿಕರಣ ಎಂಬ ಭಾಗಕ್ಕೆ ಶಂಕರರ, ರಾಮಾನುಜರ ಎರಡೂ ಭಾಷ್ಯಗಳನ್ನು ಪಕ್ಕಪಕ್ಕ ಇಟ್ಟುಕೋ. ಶಾಂಕರಭಾಷ್ಯದಲ್ಲಿ ಸೂತ್ರ 2.1.14, ರಾಮಾನುಜರ ಶ್ರೀಭಾಷ್ಯದಲ್ಲಿ 2.1.15. ಸಂಖ್ಯೆ ನೋಡದೆ ಹುಡುಕಿದರೆ ಬೇರೆ ಸೂತ್ರದ ಭಾಷ್ಯ ಓದಿ ತಲೆ ಕೆಡಿಸಿಕೊಳ್ಳುತ್ತೀಯ. ತಿದ್ದಿದ ಕರಡು ಕಳಿಸು.

ನಿನ್ನ
ಅಪ್ಪ