ಪೈಕಾರ ಕೆರೆಗೆ ಬರುವವರು ಓದಿ

ತಾಳವಾಡಿ ಗೆಳೆಯರೇ, ಭಾನುವಾರ ಪೈಕಾರಕ್ಕೆ ಹೋಗುವುದು ಖಚಿತ. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾರಿ. ಕೆರೆ ಊಟಿಗೆ ಸುಮಾರು 20 ಕಿ.ಮೀ. ಮೊದಲೇ ಸಿಗುತ್ತದೆ, ಊಟಿಯ ಗದ್ದಲ ನಮಗೆ ಬೇಡ.

ತಮಿಳುನಾಡು ಗಾಡಿಗೂ ಇ-ಪಾಸ್ (ನೀಲಗಿರಿ ಜಿಲ್ಲೆಗೆ ಹೋಗಲು ಆನ್‌ಲೈನ್‌ನಲ್ಲಿ ಪಡೆಯುವ ಅನುಮತಿ) ಬೇಕಾ ಅಂತ ಕೇಳಿದ್ದೀರಿ. ಬೇಕು. ನೀಲಗಿರಿ ನೋಂದಣಿಯ ಗಾಡಿಗಳಿಗೆ ವಿನಾಯಿತಿ, ನಮ್ಮ ಈರೋಡು ಜಿಲ್ಲೆಯವಕ್ಕೆ ಇಲ್ಲ. ಗಾಡಿ ನಂಬರ್ ಇವತ್ತೇ ಕಳಿಸಿ.

ಪ್ಲಾಸ್ಟಿಕ್ ಬಾಟಲಿ ಬೇಡವೇ ಬೇಡ, ಸ್ಟೀಲಿನದು ತನ್ನಿ. ಸುಮ್ನೆ ದಂಡದ ಭಯಕ್ಕೆ ಹೇಳುತ್ತಿಲ್ಲ. ಕಾಡಿನ ಪ್ರಾಣಿ ನಮ್ಮ ಕಸ ತಿನ್ನುವುದು ನೋಡಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಬೋಟ್ ಹತ್ತುವ ಮೊದಲು ಮಕ್ಕಳ ಲೈಫ್ ಜಾಕೆಟ್ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಗದ್ದಕ್ಕೆ ಬಂತೆಂದರೆ ಸಡಿಲ, ಪಟ್ಟಿ ಬಿಗಿ ಮಾಡಿ. ಅಲ್ಲಿ ಚಳಿ ಜಾಸ್ತಿ, ಸ್ವೆಟರ್ ಇರಲಿ.

ರಾತ್ರಿ 9ಕ್ಕೆ ಬಂಡೀಪುರ ಗೇಟ್ ಮುಚ್ಚುತ್ತದೆ. ಸಂಜೆ 4ಕ್ಕೆಲ್ಲ ಹೊರಡೋಣ.