ಕಾಡಲ್ಲಿ ಪುಕ್ಕಟೆ ಟೆಂಟು, ಜೊತೆಗೊಂದು ಗುಂಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು, ಅಮೆರಿಕದಲ್ಲಿ ಸರ್ಕಾರಿ ಕಾಡಿನೊಳಗೆ ಎಲ್ಲಿ ಬೇಕಾದರೂ ಪುಕ್ಕಟೆ ಟೆಂಟು ಹಾಕಬಹುದು, ನಮ್ಮಲ್ಲಿ ಮಾತ್ರ ಗೇಟಿಗೆ ಬೀಗ ಅಂತ ಬರೆದಿದ್ದರು. ಅವರು ಹೇಳಿದ್ದು ಅರ್ಧ ನಿಜ. ಉಳಿದರ್ಧ ನಾನು ಹೇಳಬಹುದು ಅನ್ನಿಸಿತು. ಯಾಕೆಂದರೆ ನಾನು ಹಾಗೆ ಮಲಗಿ ಬಂದವನು. ಅದಕ್ಕೂ ಮೊದಲು ಸಾಗರ ತಾಲ್ಲೂಕಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ, ಸ್ಕೌಟ್ ಮಾಸ್ಟರ್ ಆಗಿ ಹುಡುಗರನ್ನು ಕಾಡಲ್ಲಿ ಮಲಗಿಸಿದವನು.

ನಮ್ಮ ಮಗಳು ಅಳಿಯ ಇರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ನಾವು ಹೋಗಿದ್ದು ಜೂನ್‌ನಲ್ಲಿ, ಸರಿಯಾದ ತಪ್ಪು ಹೊತ್ತಿಗೆ. ಸೆಕೆ 43 ಡಿಗ್ರಿ. ಕಾರಿನ ಬಾಗಿಲ ಹಿಡಿ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಹಗಲೆಲ್ಲ ಎಸಿ ರೂಮಿನಲ್ಲಿ ಕೂತು ನಮ್ಮ ಮನೆಯವರಿಗೆ ಮಂಡಿ ಹಿಡಿದುಕೊಂಡಿತು. ಆಗ ಅಳಿಯ, 'ಮಾವ, ಫ್ಲ್ಯಾಗ್‌ಸ್ಟಾಫ್ ಕಡೆ ಹೋಗಿ ಎರಡು ರಾತ್ರಿ ಕಾಡಲ್ಲಿ ಇದ್ದು ಬರೋಣ' ಅಂದ. ಉತ್ತರಕ್ಕೆ ಎರಡು ಗಂಟೆಗೂ ಸ್ವಲ್ಪ ಜಾಸ್ತಿ ದಾರಿ. ಆ ಊರು ಸುಮಾರು 2,100 ಮೀಟರ್ ಎತ್ತರದಲ್ಲಿದೆ. ರೂಮು ಬುಕ್ ಮಾಡಿದೆಯಾ ಅಂದೆ. ರೂಮೂ ಇಲ್ಲ, ಬುಕಿಂಗೂ ಇಲ್ಲ, ದುಡ್ಡೂ ಇಲ್ಲ ಅಂದ. ನಾನು ನಂಬಲಿಲ್ಲ.

ಅಲ್ಲಿ ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ. ಪಾರ್ಕಿನಲ್ಲಿ ಬೇಕಾದಲ್ಲಿ ಟೆಂಟು ಹಾಕುವಂತಿಲ್ಲ, ಕಾಡಿನ ಒಳಗೆ ರಾತ್ರಿ ಉಳಿಯಲು ಸಾಮಾನ್ಯವಾಗಿ ಪರ್ಮಿಟ್ ಬೇಕು. ಫಾರೆಸ್ಟ್ ಅನ್ನೋದು 1905ರಲ್ಲಿ ಶುರುವಾದ ಫಾರೆಸ್ಟ್ ಸರ್ವಿಸ್ ಕೈಯಲ್ಲಿದೆ. ಅದು ಬರುವುದು ಕೃಷಿ ಇಲಾಖೆಯ ಕೆಳಗೆ. ದೇಶದಲ್ಲಿ ಇಂಥ ಜಾಗ ಒಟ್ಟು ಸುಮಾರು 19.3 ಕೋಟಿ ಎಕರೆ. ನಾಲ್ಕು ಕರ್ನಾಟಕ ಅಂತಿಟ್ಟುಕೊಳ್ಳಿ. ಆ ಕಾಡುಗಳಲ್ಲಿ ಮರ ಕಡಿಯುತ್ತಾರೆ, ದನ ಮೇಯಿಸುತ್ತಾರೆ, ಬೇಟೆಯೂ ಆಡುತ್ತಾರೆ. ಅಲ್ಲೇ ಬಹಳಷ್ಟು ಕಡೆ ಯಾರು ಬೇಕಾದರೂ ಟೆಂಟು ಹಾಕಬಹುದು. ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅನ್ನುತ್ತಾರೆ. ಸಾಮಾನ್ಯವಾಗಿ 14 ದಿನದ ಮಿತಿ. ಆಮೇಲೆ ಜಾಗ ಖಾಲಿ ಮಾಡಬೇಕು.

'ಎಲ್ಲಿ ಬೇಕಾದರೂ' ಅನ್ನೋದು ಮಾತ್ರ ಸುಳ್ಳು. ಯಾವ ಮಣ್ಣುದಾರಿಯಲ್ಲಿ ಗಾಡಿ ಬಿಡಬಹುದು, ಯಾವ ದಾರಿ ಪಕ್ಕ ಟೆಂಟು ಹಾಕಬಹುದು ಅಂತ ಒಂದು ನಕ್ಷೆ ಇರುತ್ತದೆ. ಪುಕ್ಕಟೆ ಸಿಗುತ್ತದೆ. ನೋಡಲು ಬಣ್ಣವಿಲ್ಲದ ನೀರಸ ನಕ್ಷೆ, ಡ್ರಾಯಿಂಗ್ ಮೇಷ್ಟ್ರಾಗಿ ನಾನು ಹತ್ತಕ್ಕೆ ಮೂರು ಅಂಕ ಕೊಡುತ್ತೇನೆ. ನಾವು ಹೋದ, ಫ್ಲ್ಯಾಗ್‌ಸ್ಟಾಫ್ ಪಕ್ಕದ ಬೆಟ್ಟದ ಫ್ರೀಡ್ಲೈನ್ ಪ್ರೇರಿ ರಸ್ತೆಯಲ್ಲಂತೂ ಗುರುತು ಹಾಕಿದ ಜಾಗ ಬಿಟ್ಟು ಬೇರೆಲ್ಲೂ ಇಳಿಯುವಂತಿಲ್ಲ. ನೆಲದಲ್ಲಿ ನೆಟ್ಟ ಒಂದು ಕಂದು ಪಟ್ಟಿ, ಅದರ ಮೇಲೊಂದು ಟೆಂಟಿನ ಚಿತ್ರ, ಒಂದು ನಂಬರು. ಅಷ್ಟೇ. ನೀರಿಲ್ಲ, ಕಕ್ಕಸಿಲ್ಲ, ಕಸದ ಡಬ್ಬಿಯೂ ಇಲ್ಲ. ಮೊದಲು ಬಂದವರಿಗೆ ಜಾಗ. ಎರಡು ನಂಬರಿನಲ್ಲಿ ಆಗಲೇ ಜನ ಇದ್ದರು. ಮೂರನೆಯದು ನಮಗೆ ಸಿಕ್ಕಿತು.

ಟೆಂಟು ಎದ್ದ ಮೇಲೆ ಅಳಿಯ ನನ್ನ ಕೈಗೆ ಒಂದು ಪುಟ್ಟ ಕೈಸಲಿಕೆ ಕೊಟ್ಟ. ಹೂಕುಂಡದ ಮಣ್ಣು ಸಡಿಲಿಸಲು ಇಟ್ಟುಕೊಳ್ಳುತ್ತೇವಲ್ಲ, ಅಂಥದ್ದು. 'ಮಾವ, ಬೆಳಿಗ್ಗೆಗೆ ಇದು' ಅಂದ. ಆರರಿಂದ ಎಂಟು ಇಂಚು ಆಳದ ಗುಂಡಿ. ನೀರು, ಕಾಲುದಾರಿ, ಟೆಂಟು, ಎಲ್ಲದರಿಂದ 200 ಅಡಿ ದೂರ, ಅಂದರೆ ಸುಮಾರು ಎಪ್ಪತ್ತು ಹೆಜ್ಜೆ. ಕೆಲಸ ಮುಗಿದ ಮೇಲೆ ತೆಗೆದ ಮಣ್ಣನ್ನೇ ಮುಚ್ಚಿ, ಮೇಲೆ ತರಗೆಲೆ ಹರಡಬೇಕು. ನನಗೆ ನಗು ಬಂತು. ಇದನ್ನೇ ಅಲ್ವಾ ನಾನು ಹುಡುಗರಿಗೆ ಗುದ್ದಲಿ ಕೊಟ್ಟು ಹೇಳಿಕೊಟ್ಟಿದ್ದು? ಒಂದೇ ವ್ಯತ್ಯಾಸ. ಅಲ್ಲಿಯವರು ಕಾಗದ ಬಳಸುತ್ತಾರೆ. ಅದನ್ನು ಕವರಿಗೆ ಹಾಕಿ ವಾಪಸ್ ಮನೆಗೆ ಒಯ್ಯುವುದು ಒಳ್ಳೆಯದಂತೆ. ನಮ್ಮ ಮನೆಯವರು ಅದನ್ನು ಕೇಳಿ ಮುಖ ಹಿಂಡಿದರು. ಖಾಲಿ ನೀರಿನ ಬಾಟಲಿಯ ಬಾಯಿ ಕತ್ತರಿಸಿ ತಂಬಿಗೆ ಮಾಡಿಕೊಂಡರು.

ಈ ಕಾಗದದ ಮಾತನ್ನು ತಮಾಷೆಗೆ ಎತ್ತಿದ್ದಲ್ಲ. 2022ರ ಜೂನ್‌ನಲ್ಲಿ ಅದೇ ಬೆಟ್ಟದಲ್ಲಿ ಟೆಂಟು ಹಾಕಿದ್ದ ಒಬ್ಬ ತನ್ನ ಕಕ್ಕಸಿನ ಕಾಗದಕ್ಕೆ ಬೆಂಕಿ ಹಚ್ಚಿ ಕಲ್ಲಿನಡಿ ಇಟ್ಟ. ಆರಿತು ಅಂದುಕೊಂಡ. ಆರಿರಲಿಲ್ಲ. 26 ಸಾವಿರ ಎಕರೆಗೂ ಜಾಸ್ತಿ ಸುಟ್ಟುಹೋಯಿತು. ಪೈಪ್‌ಲೈನ್ ಫೈರ್ ಅಂತ ಅದಕ್ಕೆ ಹೆಸರು. ಆಮೇಲೆ ಮಳೆ ಬಂದಾಗ ಬೋಳಾದ ಇಳಿಜಾರಿನಿಂದ ನೀರು, ಬೂದಿ, ಕೆಸರು ಇಳಿದು ಕೆಳಗಿನ ಮನೆಗಳ ಕಡೆ ನುಗ್ಗಿತು. ಅದಕ್ಕೂ ಮೊದಲು 2010ರಲ್ಲಿ, ಯಾರೋ ಆರಿಸದೇ ಬಿಟ್ಟುಹೋದ ಬೆಂಕಿಯಿಂದ ಅದೇ ಗುಡ್ಡಸಾಲಿನಲ್ಲಿ ಸುಮಾರು 15 ಸಾವಿರ ಎಕರೆ ಹೋಗಿತ್ತು. ಒಂದು ತಂಬಿಗೆ ನೀರು ಇದ್ದಿದ್ದರೆ ಅಂತ ನಮ್ಮ ಮನೆಯವರು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಹಾಗಾಗಿ ನಾವಿದ್ದಾಗ ಬೆಂಕಿ ಹಾಕುವಂತಿರಲಿಲ್ಲ. ಒಣ ಕಾಲದಲ್ಲಿ ನಿರ್ಬಂಧ ಬರುತ್ತದೆ, ತಿರುಗಿಸಿ ಆರಿಸಬಹುದಾದ ಗ್ಯಾಸ್ ಒಲೆ ಮಾತ್ರ ನಡೆಯುತ್ತದೆ. ಶಿಬಿರಾಗ್ನಿ ಇಲ್ಲದ ಶಿಬಿರ! ಸ್ಕೌಟ್ ಮಾಸ್ಟರ್‌ಗೆ ಬೇಸರ ಆಗದೇ ಇರುತ್ತದೆಯೇ. ಸುಮ್ನೆ ಕೂತು ಗ್ಯಾಸಿನ ಮೇಲೆ ಉಪ್ಪಿಟ್ಟು ಬೇಯುವುದನ್ನು ನೋಡಿದೆವು. ನಿರ್ಬಂಧ ಇಲ್ಲದ ಕಾಲದಲ್ಲೂ ಆರಿಸುವುದಕ್ಕೆ ಒಂದು ಕ್ರಮ ಇದೆಯಂತೆ. ನೀರು ಸುರಿ, ಬೂದಿ ಕಲಕು, ಮತ್ತೆ ನೀರು ಸುರಿ, ಕಡೆಗೆ ಕೈಯಿಟ್ಟು ನೋಡು. ಕೈಗೆ ಬಿಸಿ ತಾಗಿದರೆ ಇನ್ನೂ ಆರಿಲ್ಲ ಅಂತ. ನಾನು ಇಷ್ಟು ವರ್ಷ ಹುಡುಗರಿಗೆ ಮಣ್ಣು ಮುಚ್ಚಿ ಅಂತಲೇ ಹೇಳಿಕೊಟ್ಟಿದ್ದೆ. ಅದು ತಪ್ಪಂತೆ. ಒಳಗಿನ ಕೆಂಡಕ್ಕೆ ಮಣ್ಣು ಕಂಬಳಿ ಹೊದೆಸಿದ ಹಾಗಾಗುತ್ತದೆ.

ಅಲ್ಲಿರುವುದೆಲ್ಲ ಪಾಂಡರೋಸಾ ಪೈನ್ ಮರ. ತೊಗಟೆ ಕಿತ್ತಳೆ ಬಣ್ಣ, ಚಿತ್ರ ಜೋಡಿಸುವ ಆಟದ ತುಂಡುಗಳ ಹಾಗೆ ಪದರ ಪದರ. ಬಿಸಿಲು ಬಿದ್ದ ಕಡೆ ಮೂಗಿಟ್ಟು ನೋಡು ಅಪ್ಪಾ ಅಂದಳು ಮಗಳು. ಮೂಸಿದೆ. ಆಲೆಮನೆ! ಬೆಲ್ಲ ಇನ್ನೇನು ಹದಕ್ಕೆ ಬರುವ ಹೊತ್ತಿಗೆ ಕೊಪ್ಪರಿಗೆಯಿಂದ ಬರುತ್ತದಲ್ಲ, ಅದೇ ವಾಸನೆ. ಅಲ್ಲಿಯವರು ಇದನ್ನು ವೆನಿಲಾ ಅನ್ನುತ್ತಾರೆ. ಪಾಪ, ಆಲೆಮನೆ ನೋಡಿಲ್ಲ. ನಾನು ಮರಕ್ಕೆ ಮೂಗಿಟ್ಟು ನಿಂತಿದ್ದನ್ನು ಪಕ್ಕದ ನಂಬರಿನವರು ನೋಡಿ ಕೈಬೀಸಿದರು.

ಎಲ್ಲ ಚೆಂದ ಅಂತ ಹೇಳುತ್ತಿಲ್ಲ. ನಮ್ಮ ಜಾಗದ ಹಿಂದಿನ ಪೊದೆಯಲ್ಲಿ ಯಾರೋ ಬಿಟ್ಟುಹೋದ ಬಿಯರ್ ಡಬ್ಬಿಗಳೂ ಮಗುವಿನ ಡೈಪರೂ ಇದ್ದವು. ಮಗಳು ಗ್ಲೌಸ್ ಹಾಕಿಕೊಂಡು ನಮ್ಮ ಚೀಲಕ್ಕೇ ತುಂಬಿದಳು. ದಕ್ಷಿಣಕ್ಕಿರುವ ಸೆಡೋನಾ ಊರಿನ ಪಶ್ಚಿಮದ ಕಾಡಿನಲ್ಲಿ ಜನ ಹೀಗೇ ಜಾಸ್ತಿಯಾಗಿ, ಗಾಡಿ ಬಿಟ್ಟೂ ಬಿಟ್ಟೂ ನೆಲ ಹಾಳಾಗಿ, ಈಗ ಗುರುತು ಹಾಕಿದ ಜಾಗಗಳಲ್ಲಿ ಮಾತ್ರ ಟೆಂಟು. ಇನ್ನೊಂದು ಮಾತು. ನಾವು ಮಲಗಿದ ಆ ಬೆಟ್ಟ ಅಲ್ಲಿಯ ಮೂಲನಿವಾಸಿಗಳಾದ ನವಾಹೊ, ಹೋಪಿ ಜನರಿಗೆ ದೇವರ ಬೆಟ್ಟ. ಸಾರ್ವಜನಿಕ ಭೂಮಿ ಅಂತ ಬೋರ್ಡು ಬೀಳುವ ಮೊದಲೂ ಅದು ಯಾರದ್ದೋ ಆಗಿತ್ತು.

ಈಗ ನಮ್ಮೂರಿಗೆ ಬರುತ್ತೇನೆ.

ಹಿಂದೆ ನಾನು ಹುಡುಗರನ್ನು ಕರೆದೊಯ್ಯುತ್ತಿದ್ದಾಗ ಫಾರೆಸ್ಟರ್‌ಗೆ ಒಂದು ಮಾತು ಹೇಳಿದರೆ ಸಾಕಿತ್ತು. ಅವರೂ ರಾತ್ರಿ ಬಂದು ನಮ್ಮ ಜೊತೆ ಗಂಜಿ ಕುಡಿದು ಹೋಗುತ್ತಿದ್ದರು. ಹೋದ ನವೆಂಬರ್‌ನಲ್ಲಿ ಹನ್ನೆರಡು ಹುಡುಗರಿಗೆ ಒಂದು ರಾತ್ರಿ ಅಂತ ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆ. ನಾಲ್ಕು ಸಲ ಹೋದೆ. ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಅರ್ಜಿ ದಾಟಿತು, ನಾನೂ ದಾಟಿದೆ. ಕಡೆಗೆ ಒಬ್ಬರು ಮರ್ಯಾದೆಯಿಂದಲೇ, 'ಮೇಷ್ಟ್ರೇ, ಯಾವುದಾದರೂ ಹೋಂಸ್ಟೇಗೆ ಕರಕೊಂಡು ಹೋಗಿ, ನಮಗೂ ತಲೆನೋವು ಬೇಡ' ಅಂದರು. ತಲೆಗೆ ಎರಡೂವರೆ ಸಾವಿರ ರೂಪಾಯಿ. ಆ ಹುಡುಗರ ಅಪ್ಪಂದಿರಿಗೆ ಒಂದೆರಡು ಎಕರೆ ಗದ್ದೆ ಇದೆ ಅಷ್ಟೇ.

ಅವರನ್ನು ಬೈಯಲು ಮನಸ್ಸಿಲ್ಲ. ನಮ್ಮ ಅರಣ್ಯ ಕಾಯ್ದೆ 1963ರದ್ದು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ನುಗ್ಗಿದರೆ, ಬೆಂಕಿ ಹಚ್ಚಿದರೆ ಅಪರಾಧ. ಅದು ಸರಿಯೇ. 2023ರ ಗಣತಿಯ ಲೆಕ್ಕದಲ್ಲಿ ರಾಜ್ಯದಲ್ಲಿ 6,395 ಆನೆ, ದೇಶದಲ್ಲೇ ಜಾಸ್ತಿ. ಹುಲಿ ಐನೂರು ದಾಟಿವೆ. ಫ್ಲ್ಯಾಗ್‌ಸ್ಟಾಫ್‌ನಲ್ಲಿ ರಾತ್ರಿ ಎಲ್ಕ್ ಅನ್ನುವ ದೊಡ್ಡ ಜಿಂಕೆ ಬಂದು ಟೆಂಟಿನ ಪಕ್ಕ ಹುಲ್ಲು ಮೇಯ್ದರೆ ಫೋಟೋ. ಸಕಲೇಶಪುರದಲ್ಲಿ ಆನೆ ಬಂದರೆ ಫೋಟೋ ತೆಗೆಯುವವರು ಪೊಲೀಸರು. ಜನಜಂಗುಳಿಯ ಕಥೆಯೂ ಗೊತ್ತು. 2024ರ ಜನವರಿ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಜಾತ್ರೆಯ ಹಾಗೆ ಸಾಲುಗಟ್ಟಿದರು. ಆಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದಿತು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನಮ್ಮ ಮಲೆನಾಡಿನ ಕಷ್ಟ ಇನ್ನೊಂದು ಥರ. ಮಳೆಗಾಲದಲ್ಲಿ ಉಂಬಳ. ಡಿಸೆಂಬರ್‌ನಿಂದ ಮೇ ತನಕ ಉಣುಗು. ಉಂಬಳ ರಕ್ತ ಕುಡಿದು ಬಿದ್ದುಹೋಗುತ್ತದೆ, ಉಣುಗು ಹಾಗಲ್ಲ, ಮಂಗನ ಕಾಯಿಲೆ ತರುತ್ತದೆ. 1957ರಲ್ಲಿ ಆ ಕಾಯಿಲೆ ಮೊದಲು ಕಂಡಿದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಸುಮಾರಿಗೆ ಅರಳಗೋಡಿನ ಕಡೆ ಜನ ಸತ್ತಿದ್ದನ್ನು ಈ ತಾಲ್ಲೂಕಿನವರು ಯಾರೂ ಮರೆತಿಲ್ಲ. ಅಂದರೆ ನಮ್ಮಲ್ಲಿ ನೆಲದ ಮೇಲೆ ಧೈರ್ಯವಾಗಿ ಮಲಗಲು ಸಿಗುವುದು ಅಕ್ಟೋಬರ್ ನವೆಂಬರ್, ಹೆಚ್ಚೆಂದರೆ ಎರಡು ತಿಂಗಳು. ಈ ಲೆಕ್ಕ ಗೊತ್ತಿಲ್ಲದವರು ರೀಲ್ಸ್ ನೋಡಿಕೊಂಡು ಫೆಬ್ರವರಿಯಲ್ಲಿ ಬಂದು ತರಗೆಲೆ ಮೇಲೆ ಚಾಪೆ ಹಾಸುತ್ತಾರೆ. ಭಯ ಆಗುತ್ತದೆ.

ಈ ಪತ್ರ ಬರೆಯುತ್ತಿದ್ದೇನೆ ಅಂದಾಗ ನಮ್ಮ ಪಕ್ಕದ ಮನೆಯವರು ಒಂದು ಪ್ರಶ್ನೆ ಕೇಳಿದರು. 'ಲಿಂಗನಮಕ್ಕಿ ಡ್ಯಾಮಿಗೆ ಮನೆ ಮುಳುಗಿಸಿಕೊಂಡು ಬಂದವರಿಗೇ ಕಾಡಂಚಿನ ಜಾಗಕ್ಕೆ ಇನ್ನೂ ಹಕ್ಕುಪತ್ರ ಇಲ್ಲ. ನಿಮಗೆ ಅದೇ ಕಾಡಲ್ಲಿ ಟೆಂಟಾ?' ಅವರ ಮನೆಯೇ ಮುಳುಗಡೆಯ ಮನೆ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವರದ್ದು ಮೊದಲು ಆಗಲಿ. ಆದರೆ ಅವರ ಮೊಮ್ಮಗ ನನ್ನ ಹನ್ನೆರಡು ಹುಡುಗರಲ್ಲಿ ಒಬ್ಬ. ಅವನಿಗೆ ಅಷ್ಟು ದಿನ ಕಾಯಲು ಪುರುಸೊತ್ತಿಲ್ಲ, ಬರುವ ವರ್ಷ ಎಸ್ಸೆಸ್ಸೆಲ್ಸಿ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಅಭಯಾರಣ್ಯ ಬೇಡ, ಕಾನು ಬೇಡ, ಹೊಳೆ ದಂಡೆ ಬೇಡ, ಆನೆ ಓಡಾಡುವ ಜಿಲ್ಲೆಗಳ ಮಾತೇ ಬೇಡ. ನಮ್ಮ ಕಡೆ ಗುಡ್ಡ ಗುಡ್ಡವೇ ಅಕೇಶಿಯಾ ನೆಡುತೋಪಾಗಿದೆ. ಅದರೊಳಗೆ ಒಂದು ಹಕ್ಕಿಗೂ ನೆಟ್ಟಗೆ ಊಟ ಸಿಗುವುದಿಲ್ಲ. ಹೊಸದಾಗಿ ಹಾಳು ಮಾಡಲು ಅಲ್ಲಿ ಏನೂ ಉಳಿದಿಲ್ಲ. ಊರಿಗೆ ಒಂದೆರಡು ಕಿಲೋಮೀಟರ್ ಒಳಗಿನ ಅಂಥ ತೋಪುಗಳಲ್ಲಿ ತಾಲ್ಲೂಕಿಗೆ ಐದು ಜಾಗ ಗುರುತು ಮಾಡಿ ಒಂದು ಕಲ್ಲು ನೆಟ್ಟು ನಂಬರು ಬರೆಯಿರಿ. ವರ್ಷಕ್ಕೆ ಎರಡೇ ತಿಂಗಳು ತೆರೆಯಿರಿ. ಒಂದು ಕಲ್ಲಿಗೆ ಒಂದು ಗುಂಪು, ಎರಡು ರಾತ್ರಿ. ಹತ್ತಿರದ ಅರಣ್ಯ ಕಚೇರಿಯ ಪುಸ್ತಕದಲ್ಲಿ ಹೆಸರು, ಆಧಾರ್ ನಂಬರು, ಗಾಡಿ ನಂಬರು ಬರೆಸಿ ಹೋಗಬೇಕು. ಬೆಂಕಿ ಇಲ್ಲ, ಸ್ಪೀಕರ್ ಇಲ್ಲ, ಬಾಟಲಿ ಇಲ್ಲ. ವಾಪಸ್ ಬರುವಾಗ ಕಸದ ಚೀಲವನ್ನು ಅದೇ ಕಚೇರಿಯಲ್ಲಿ ತೋರಿಸಬೇಕು. ಎರಡು ದಿನ ಇದ್ದವನ ಚೀಲ ಖಾಲಿ ಇದ್ದರೆ ಕಸ ಕಾಡಲ್ಲಿದೆ ಅಂತಲೇ ಅರ್ಥ. ಅವನಿಗೆ ದಂಡ ಹಾಕಿ, ಮತ್ತೆ ಬಿಡಬೇಡಿ.

ದಯವಿಟ್ಟು ಅಲ್ಲಿ ಏನನ್ನೂ ಕಟ್ಟಬೇಡಿ. ಕಕ್ಕಸು ಕಟ್ಟಿದರೆ ನೀರು ಬೇಕು, ನೀರು ತಂದರೆ ಕರೆಂಟು ಬೇಕು, ಕರೆಂಟು ಬಂದರೆ ಕ್ಯಾಂಟೀನ್, ಆಮೇಲೆ ಟೆಂಡರ್, ಆಮೇಲೆ ತಲೆಗೆ ಎರಡೂವರೆ ಸಾವಿರ. ಗುದ್ದಲಿ ಪೂಜೆ ಬೇಡ, ಹುಡುಗರ ಕೈಗೆ ಗುದ್ದಲಿ ಕೊಟ್ಟರೆ ಸಾಕು. ಗುಂಡಿ ಎಷ್ಟು ಆಳ, ಎಲ್ಲಿ, ಹೇಗೆ ಮುಚ್ಚಬೇಕು ಅಂತ ತೋರಿಸಿಕೊಡಲು ಯಾರೂ ಇಲ್ಲ ಅಂದರೆ ನಾನು ಬರುತ್ತೇನೆ, ಸಂಬಳ ಬೇಡ. ನನಗೆ ಅರವತ್ತೆಂಟು. ಕೂತು ಏಳುವುದು ಸ್ವಲ್ಪ ನಿಧಾನ.

ಸ್ಕೌಟಿನ ಹಳೆಯ ಟೆಂಟು ನಮ್ಮ ಅಟ್ಟದ ಮೇಲೇ ಇದೆ. ಎರಡು ಕಡೆ ಇಲಿ ಕಡಿದಿದೆ, ಹೊಲಿಯಲು ಕೊಟ್ಟಿದ್ದೇನೆ. ಅಕ್ಟೋಬರ್‌ಗೆ ಕೊಡುತ್ತಾನಂತೆ.

ಇತಿ,
ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸಾಗರ